ಫೈಬರ್ ಹಿಗ್ಗಿದರೂ ಸಮಯ ತಪ್ಪದಿರುವುದು ಹೇಗೆ? ಕಣ ವೇಗವರ್ಧಕಗಳಲ್ಲಿ ಫೆಮ್ಟೊಸೆಕೆಂಡಿನ ಹೊಂದಾಣಿಕೆ

ಪ್ರಶ್ನೆ: ಹಾಸನದಲ್ಲಿ ಎಲೆಕ್ಟ್ರಾನಿಕ್ಸ್ ಅಂತಿಮ ವರ್ಷ ಓದುತ್ತಿದ್ದೇನೆ. ಜರ್ಮನಿಯ ಹ್ಯಾಂಬರ್ಗಿನಲ್ಲಿರುವ ಯುರೋಪಿಯನ್ ಎಕ್ಸ್‌ಎಫ್‌ಇಎಲ್ ಎಂಬ ಎಕ್ಸ್-ರೇ ಲೇಸರ್ ಯಂತ್ರದಲ್ಲಿ 3.4 ಕಿ.ಮೀ. ಉದ್ದಕ್ಕೂ ಫೆಮ್ಟೊಸೆಕೆಂಡಿನ ಲೆಕ್ಕದಲ್ಲಿ ಉಪಕರಣಗಳನ್ನು ಹೊಂದಿಸುತ್ತಾರೆ ಎಂದು ಓದಿದೆ. ನಮ್ಮ ಲ್ಯಾಬಿನ ಜಿಪಿಎಸ್ ಮಾಡ್ಯೂಲ್ ಸೆಕೆಂಡಿಗೊಂದು ಪಲ್ಸ್ ಕೊಡುತ್ತದಲ್ಲ, ಅದನ್ನೇ ಎರಡೂ ತುದಿಗೆ ಇಟ್ಟರೆ ಸಾಲದೇ? ಬಿಸಿಲಿಗೆ ಫೈಬರ್ ಉದ್ದವಾದರೆ ಏನು ಮಾಡುತ್ತಾರೆ? ಇದರ ಒಂದು ತುಣುಕನ್ನಾದರೂ ಇಲ್ಲಿ ಪ್ರಾಜೆಕ್ಟ್ ಆಗಿ ಮಾಡಬಹುದೇ?

ಉತ್ತರ: ಜಿಪಿಎಸ್ ವಿಷಯವನ್ನು ಮೊದಲು ಮುಗಿಸಿಬಿಡೋಣ. ಕಾಲೇಜು ಲ್ಯಾಬುಗಳಲ್ಲಿ ಸಾಮಾನ್ಯವಾಗಿ ಸಿಗುವ ನಿಯೋ-6ಎಂ ಮಾಡ್ಯೂಲಿನ ಸೆಕೆಂಡ್ ಪಲ್ಸ್ ಸುಮಾರು 30 ನ್ಯಾನೊಸೆಕೆಂಡಿನಷ್ಟು ಆಚೀಚೆ ಆಗುತ್ತದೆ. ಸೆಕೆಂಡಿನ ನೂರು ಕೋಟಿಯಲ್ಲೊಂದು ಪಾಲು ನ್ಯಾನೊಸೆಕೆಂಡು, ಅದರ ಸಾವಿರದಲ್ಲೊಂದು ಪಿಕೊಸೆಕೆಂಡು, ಅದರ ಸಾವಿರದಲ್ಲೊಂದು ಫೆಮ್ಟೊಸೆಕೆಂಡು. 30 ನ್ಯಾನೊಸೆಕೆಂಡೆಂದರೆ 3 ಕೋಟಿ ಫೆಮ್ಟೊಸೆಕೆಂಡು. ಅಲ್ಲಿ ಬೇಕಿರುವುದು ಹತ್ತು, ಇಪ್ಪತ್ತು. ರಿಸೀವರ್ ಎಷ್ಟು ದುಬಾರಿಯದಾದರೂ ಈ ಅಂತರ ಮುಚ್ಚುವುದಿಲ್ಲ. ಅದೂ ಅಲ್ಲದೆ ವೇಗವರ್ಧಕಕ್ಕೆ ಈಗ ಗಂಟೆ ಎಷ್ಟೆಂಬುದು ಬೇಕಾಗಿಯೇ ಇಲ್ಲ. ಸುರಂಗದ ಈ ತುದಿಯ ಲೇಸರ್ ಮಿಡಿದಾಗ ಆ ತುದಿಯ ಉಪಕರಣವೂ ಅದೇ ಲಯದಲ್ಲಿ ಮಿಡಿಯಬೇಕು, ಅಷ್ಟೆ. ಇಡೀ ಯಂತ್ರದ ಗಡಿಯಾರ ಲೋಕದ ಗಡಿಯಾರಕ್ಕಿಂತ ಒಂದು ಮೈಕ್ರೊಸೆಕೆಂಡು ಹಿಂದಿದ್ದರೆ ಯಾರಿಗೂ ನಷ್ಟವಿಲ್ಲ.

ಈ ಮಟ್ಟದ ನಿಖರತೆ ಏಕೆ ಬೇಕು ಎಂಬುದಕ್ಕೆ ಒಂದು ಸಣ್ಣ ಲೆಕ್ಕ ಸಾಕು. ಯುರೋಪಿಯನ್ ಎಕ್ಸ್‌ಎಫ್‌ಇಎಲ್‌ನ ಅತಿವಾಹಕ ಕ್ಯಾವಿಟಿಗಳು (ರೇಡಿಯೊ ಅಲೆಯಿಂದ ಎಲೆಕ್ಟ್ರಾನುಗಳಿಗೆ ಶಕ್ತಿ ತುಂಬುವ ಲೋಹದ ಗೂಡುಗಳು) 1.3 ಗಿಗಾಹರ್ಟ್ಸ್‌ನಲ್ಲಿ ಓಡುತ್ತವೆ. ಒಂದು ಆವರ್ತಕ್ಕೆ 769 ಪಿಕೊಸೆಕೆಂಡು, ಒಂದು ಡಿಗ್ರಿ ಫೇಸ್‌ಗೆ (ಇಡೀ ಆವರ್ತ 360 ಡಿಗ್ರಿ ಎಂದಾಗ ಅಲೆ ಎಲ್ಲಿದೆ ಎಂಬ ಅಳತೆ) 2.14 ಪಿಕೊಸೆಕೆಂಡು. ಎಲೆಕ್ಟ್ರಾನ್ ಗೊಂಚಲು ಈ ಅಲೆಯ ಮೇಲೆ ಎಲ್ಲಿ ಕೂರುತ್ತದೆ ಎಂಬುದರ ಮೇಲೆ ಅದಕ್ಕೆ ದಕ್ಕುವ ಶಕ್ತಿ ನಿಂತಿದೆ. ಮುಂದೆ ಗೊಂಚಲನ್ನು ಉದ್ದದಲ್ಲಿ ಹಿಂಡುವುದಕ್ಕೆ ನಾಲ್ಕು ಅಯಸ್ಕಾಂತಗಳ ಒಂದು ಬಳಸುದಾರಿ ಇರುತ್ತದೆ. ಅಲ್ಲಿ ಶಕ್ತಿ ಹೆಚ್ಚಿದ್ದ ಎಲೆಕ್ಟ್ರಾನು ಕಡಿಮೆ ಬಾಗಿ ಬೇಗ ದಾಟುತ್ತದೆ, ಕಡಿಮೆ ಇದ್ದದ್ದು ಸುತ್ತಿ ಬರುತ್ತದೆ. ಇಂಥ ಬಳಸುದಾರಿಯ ಗುಣಾಂಕ 50 ಮಿ.ಮೀ. ಎಂದಿಟ್ಟುಕೊಳ್ಳಿ. ಶಕ್ತಿಯಲ್ಲಿ ಶೇ 0.01ರಷ್ಟು ವ್ಯತ್ಯಾಸವಾದರೆ 5 ಮೈಕ್ರೋಮೀಟರ್ ಹಾದಿ ಬದಲಾಗುತ್ತದೆ, ಅಂದರೆ ಸುಮಾರು 17 ಫೆಮ್ಟೊಸೆಕೆಂಡು. ಎಲ್ಲೋ ಹಿಂದೆ ಆದ ಫೇಸ್ ತಪ್ಪು ಇಲ್ಲಿ ಸಮಯದ ತಪ್ಪಾಗಿ ಮೂಡುತ್ತದೆ. ಇಂಥ ಯಂತ್ರಗಳಲ್ಲಿ ಕ್ಯಾವಿಟಿಯ ಫೇಸ್ 0.01 ಡಿಗ್ರಿ, ಅಂದರೆ ಸುಮಾರು 21 ಫೆಮ್ಟೊಸೆಕೆಂಡಿನೊಳಗೆ ನಿಲ್ಲಬೇಕು ಎನ್ನುವುದು ಇದಕ್ಕೇ. ಕೊನೆಯಲ್ಲಿ ಪ್ರಯೋಗಾಲಯದ ಬೇರೊಂದು ಲೇಸರ್ ಅಣುವನ್ನು ಕೆಣಕುತ್ತದೆ, ಗೊಂಚಲು ಹೊಮ್ಮಿಸಿದ ಎಕ್ಸ್-ರೇ ಅದರ ಚಿತ್ರ ಹಿಡಿಯುತ್ತದೆ. ಎರಡರ ನಡುವಿನ ಅಂತರ ಹೊಯ್ದಾಡಿದರೆ ಚಿತ್ರ ಕಲಸಿಹೋಗುತ್ತದೆ.

ಎಲ್ಲ ವೇಗವರ್ಧಕಕ್ಕೂ ಇಷ್ಟು ಬೇಕೆಂದು ತಿಳಿಯಬೇಡಿ. ಇಂದೋರಿನ ಇಂಡಸ್-2 ಉಂಗುರ 172.5 ಮೀಟರ್ ಸುತ್ತಳತೆಯದು, 505.8 ಮೆಗಾಹರ್ಟ್ಸ್‌ನಲ್ಲಿ ಓಡುತ್ತದೆ. ಅದರ ಗೊಂಚಲುಗಳೇ ಹತ್ತಾರು ಪಿಕೊಸೆಕೆಂಡು ಉದ್ದ, ಹಾಗಾಗಿ ಅಲ್ಲಿ ಪಿಕೊಸೆಕೆಂಡಿನ ಶಿಸ್ತು ಸಾಕು.

ಇನ್ನೊಂದು ಗೊಂದಲವನ್ನೂ ಬಿಡಿಸಬೇಕು. ವೇಗವರ್ಧಕದಲ್ಲಿ ಸಮಯದ ಕೆಲಸ ಎರಡು. ‘ಮುಂದಿನ ಗೊಂಚಲು ಎಷ್ಟನೆಯದು, ಯಾವ ಕ್ಯಾಮೆರಾ ಯಾವಾಗ ಕಣ್ಣು ತೆರೆಯಬೇಕು’ ಎಂಬ ಟ್ರಿಗರ್ ಕೆಲಸ ಒಂದು. ಇದಕ್ಕೆ ಡಿಜಿಟಲ್ ಸಂದೇಶ ಹೊತ್ತ ಫೈಬರ್ ಸಾಕು. ಜಿನೀವಾದ ಸರ್ನ್ ಮತ್ತು ಜರ್ಮನಿಯ ಜಿಎಸ್‌ಐ ಪ್ರಯೋಗಾಲಯಗಳು ಸೇರಿ ಬೆಳೆಸಿದ ವೈಟ್ ರ್‍ಯಾಬಿಟ್ ಈ ಜಾತಿಯದು. ಸಾವಿರಕ್ಕೂ ಹೆಚ್ಚು ಉಪಕರಣಗಳನ್ನು ಹತ್ತು ಕಿ.ಮೀ.ವರೆಗಿನ ಫೈಬರ್‌ಗಳ ಮೂಲಕ ಒಂದು ನ್ಯಾನೊಸೆಕೆಂಡಿನೊಳಗೆ ಹೊಂದಿಸುವುದು ಅದರ ಗುರಿಯಾಗಿತ್ತು. ಜಾಲದ ಮೂಲಕ ಗಡಿಯಾರಗಳನ್ನು ಹೊಂದಿಸುವ ಐಇಇಇ 1588 ಮಾನಕದ 2019ರ ಆವೃತ್ತಿಯೊಳಗೆ ಅದರ ತತ್ವ ಸೇರಿದೆ. ಅಲೆಯ ಫೇಸನ್ನೇ ಸುರಂಗದುದ್ದಕ್ಕೂ ಅಲುಗಾಡದಂತೆ ಸಾಗಿಸುವುದು ಎರಡನೆಯ ಕೆಲಸ. ನಿಮ್ಮ ಪ್ರಶ್ನೆ ಇದರ ಬಗ್ಗೆ.

ಈಗ ಫೈಬರಿಗೆ ಬನ್ನಿ. ‘ಬಿಸಿಲಿಗೆ ಉದ್ದವಾಗುತ್ತದೆ’ ಎಂದಿರಿ. ಅರ್ಧ ಸರಿ. ಗಾಜು ಹಿಗ್ಗುವುದು ಡಿಗ್ರಿಗೆ ಹತ್ತು ಲಕ್ಷದಲ್ಲಿ ಅರ್ಧ ಪಾಲಿನಷ್ಟು ಮಾತ್ರ. ಅದರ ಹತ್ತು ಪಟ್ಟಿಗಿಂತ ಹೆಚ್ಚು ಬದಲಾವಣೆ ಬರುವುದು ವಕ್ರೀಭವನ ಸೂಚ್ಯಂಕದಿಂದ, ಅಂದರೆ ಗಾಜಿನೊಳಗೆ ಬೆಳಕು ಎಷ್ಟು ನಿಧಾನವಾಗುತ್ತದೆ ಎಂಬುದರಿಂದ. ಎರಡೂ ಸೇರಿ ಒಂದು ಡಿಗ್ರಿಗೆ, ಒಂದು ಕಿ.ಮೀ.ಗೆ ಸುಮಾರು 40 ಪಿಕೊಸೆಕೆಂಡು ವಿಳಂಬ ಹೆಚ್ಚುತ್ತದೆ. ಈ ಒಂದು ಸಂಖ್ಯೆಯನ್ನು ನೆನಪಿಟ್ಟುಕೊಳ್ಳಿ, ಉಳಿದದ್ದೆಲ್ಲ ಗುಣಾಕಾರ. ಹಾಸನದಿಂದ ಬೇಲೂರು ಮಾರ್ಗವಾಗಿ ಚಿಕ್ಕಮಗಳೂರಿಗೆ ಕಂಬದ ಮೇಲೆ 60 ಕಿ.ಮೀ. ಫೈಬರ್ ಎಳೆದರೆ, ಜನವರಿಯ ಮುಂಜಾವಿಗೂ ಮಧ್ಯಾಹ್ನಕ್ಕೂ ಹತ್ತು ಡಿಗ್ರಿ ಅಂತರವಿದ್ದರೂ 24 ನ್ಯಾನೊಸೆಕೆಂಡು ಏರಿಳಿಯುತ್ತದೆ. ಸುರಂಗದಲ್ಲಿ ಒಂದೇ ಡಿಗ್ರಿ ಬದಲಾದರೂ 3.4 ಕಿ.ಮೀ.ಗೆ 136 ಪಿಕೊಸೆಕೆಂಡು, ಬೇಕಾದ ನಿಖರತೆಯ ಹತ್ತು ಸಾವಿರ ಪಟ್ಟು. ಉಪಕರಣದ ಪಕ್ಕದಲ್ಲಿ ಜೋತಾಡುವ ಐದು ಮೀಟರ್ ಪ್ಯಾಚ್ ಕಾರ್ಡ್ ಕೂಡ ಐದು ಡಿಗ್ರಿಗೆ ಒಂದು ಪಿಕೊಸೆಕೆಂಡು ಓಡಿಬಿಡುತ್ತದೆ. ತೇವಾಂಶಕ್ಕೂ ಹೊದಿಕೆಯ ಪ್ಲಾಸ್ಟಿಕ್ ಉಬ್ಬಿ ಗಾಜನ್ನು ಎಳೆಯುತ್ತದೆ.

ಹಾಗಾದರೆ ತಾಮ್ರದ ಕೋಆಕ್ಸಿಯಲ್ ಕೇಬಲ್ ಹಾಕಬಾರದೇ? ಹಾಕುತ್ತಾರೆ, ಗಿಡ್ಡ ದೂರಕ್ಕೆ. ಗಿಗಾಹರ್ಟ್ಸ್‌ನಲ್ಲಿ ಕಿ.ಮೀ.ಗೆ ಹತ್ತಾರು ಡೆಸಿಬೆಲ್ ನುಂಗುವ ದಪ್ಪ ಕೇಬಲ್ಲಿಗಿಂತ 0.2 ಡೆಸಿಬೆಲ್ ನುಂಗುವ ಫೈಬರ್ ವಾಸಿ. ಉಷ್ಣತೆಗೆ ಕೇಬಲ್ಲೂ ಅಲುಗುತ್ತದೆ.

ಇಲ್ಲಿ ಯೋಚನೆಯ ದಿಕ್ಕು ಬದಲಾಯಿಸಬೇಕು. ಫೈಬರನ್ನು ಅಲುಗದಂತೆ ಮಾಡುವ ಆಸೆ ಬಿಡಿ. ಅದು ಎಷ್ಟು ಬೇಕಾದರೂ ಹಿಗ್ಗಲಿ, ಹಿಗ್ಗಿದ್ದನ್ನು ಆ ಕ್ಷಣವೇ ಅಳೆದು, ಅಷ್ಟನ್ನು ಬೇರೆಡೆ ಕಳೆದರೆ ಆಯಿತು. ಅಳೆಯಲು ಬೆಳಕನ್ನು ಕಳಿಸಿ, ಅದೇ ಫೈಬರಿನಲ್ಲಿ ವಾಪಸ್ ತರಿಸಿ, ಎರಡರಿಂದ ಭಾಗಿಸಿ. ಇದು ಯಾವುದೋ ಪರದೇಶದ ಗುಟ್ಟಲ್ಲ. ನಿಮ್ಮ ಬೀದಿಯಲ್ಲಿ ಮನೆಗೆ ಫೈಬರ್ ಇಂಟರ್ನೆಟ್ ಹಾಕಿಸಿಕೊಂಡಿದ್ದರೆ, ಗೋಡೆಯ ಮೇಲಿನ ಆ ಪುಟ್ಟ ಬಿಳಿ ಡಬ್ಬಿಯೂ ಎಕ್ಸ್‌ಚೇಂಜಿನ ಪೆಟ್ಟಿಗೆಯೂ ಇದನ್ನೇ ಮಾಡುತ್ತವೆ. ಒಂದೇ ಫೈಬರಿನಲ್ಲಿ 1490 ನ್ಯಾನೊಮೀಟರ್ ತರಂಗಾಂತರದ ಬೆಳಕಿನಲ್ಲಿ ಬರುವ ದಾರಿ, 1310ರಲ್ಲಿ ಹೋಗುವ ದಾರಿ. ಬೀದಿಯ ಎಲ್ಲ ಡಬ್ಬಿಗಳ ಮಾತು ಒಂದರ ಮೇಲೊಂದು ಬೀಳದಿರಲು ಎಕ್ಸ್‌ಚೇಂಜು ಪ್ರತಿ ಮನೆಯ ಹೋಗಿಬರುವ ಸಮಯ ಅಳೆದು ‘ನೀನು ಇಷ್ಟು ಕಾದು ಮಾತಾಡು’ ಎಂದು ಹೇಳುತ್ತದೆ. ವೈಟ್ ರ್‍ಯಾಬಿಟ್ಟೂ ಇದೇ ಎರಡು ಬಣ್ಣಗಳನ್ನು ಬಳಸುತ್ತದೆ. ಆದರೆ ಎರಡು ಬಣ್ಣದ ವೇಗ ಒಂದೇ ಅಲ್ಲ, 10 ಕಿ.ಮೀ.ಗೆ ಸುಮಾರು 13 ನ್ಯಾನೊಸೆಕೆಂಡು ವ್ಯತ್ಯಾಸ ಬರುತ್ತದೆ. ಅದನ್ನು ಮೊದಲೇ ಅಳೆದು ಲೆಕ್ಕಕ್ಕೆ ಹಿಡಿಯದಿದ್ದರೆ ‘ಎರಡರಿಂದ ಭಾಗಿಸು’ ಎಂಬ ಸೂತ್ರ ಸುಳ್ಳಾಗುತ್ತದೆ. ಫೆಮ್ಟೊಸೆಕೆಂಡಿನವರು ಹೋಗಲೂ ಬರಲೂ ಒಂದೇ ಬಣ್ಣ ಬಳಸುವುದರಿಂದ ಈ ತಾಪತ್ರಯ ಅವರಿಗಿಲ್ಲ.

ಹ್ಯಾಂಬರ್ಗಿನ ಏರ್ಪಾಡು ಹೀಗಿದೆ. 1.3 ಗಿಗಾಹರ್ಟ್ಸ್‌ನ ಮುಖ್ಯ ಆಸಿಲೇಟರಿಗೆ ಒಂದು ಮೋಡ್-ಲಾಕ್ಡ್ ಲೇಸರನ್ನು (ಒಂದೇ ಲಯದಲ್ಲಿ ಅತಿ ಗಿಡ್ಡ ಬೆಳಕಿನ ಪಲ್ಸ್ ಕೊಡುವಂಥದ್ದು) ಕಟ್ಟಿಹಾಕುತ್ತಾರೆ. ಅದು 1550 ನ್ಯಾನೊಮೀಟರಿನ ಆಸುಪಾಸಿನಲ್ಲಿ, ಸೆಕೆಂಡಿಗೆ 21.667 ಕೋಟಿ ಪಲ್ಸ್ ಕೊಡುತ್ತದೆ, 1.3 ಗಿಗಾಹರ್ಟ್ಸ್‌ನ ಸರಿಯಾಗಿ ಆರನೇ ಒಂದು ಭಾಗ. ಎರಡು ಪಲ್ಸ್‌ಗಳ ನಡುವೆ 4.6 ನ್ಯಾನೊಸೆಕೆಂಡು. ನಿಧಾನವಾದ ಅಲುಗಾಟಗಳಲ್ಲಿ ಲೇಸರು ಆಸಿಲೇಟರನ್ನು ಹಿಂಬಾಲಿಸುತ್ತದೆ. ಕಿಲೋಹರ್ಟ್ಸ್‌ಗಳಿಂದ ಮೇಲೆ ಲೇಸರೇ ಹೆಚ್ಚು ಶಾಂತ, ಅಲ್ಲಿ ಅದನ್ನು ಅದರ ಪಾಡಿಗೆ ಬಿಡುತ್ತಾರೆ. ಈ ಗಡಿಯನ್ನು ಎಲ್ಲಿ ಎಳೆಯಬೇಕು ಎಂಬುದೇ ಲಾಕ್ ಮಾಡುವವರ ಅರ್ಧ ಜಾಣತನ. ಗಡಿಯನ್ನು ತೀರ ಮೇಲಕ್ಕೆ ಎಳೆದರೆ ಆಸಿಲೇಟರಿನ ಗದ್ದಲವೂ ಲೇಸರಿಗೆ ಅಂಟುತ್ತದೆ.

ಲೇಸರಿನ ಬೆಳಕು ಹಲವು ಫೈಬರ್ ಲಿಂಕುಗಳಿಗೆ ಹಂಚಿಹೋಗುತ್ತದೆ. ಪ್ರತಿ ಲಿಂಕಿನ ಆಚೆ ತುದಿಯಲ್ಲಿ ಒಂದಷ್ಟು ಬೆಳಕನ್ನು ಕನ್ನಡಿ ವಾಪಸ್ ಕಳಿಸುತ್ತದೆ. ಬಂದ ಪಲ್ಸನ್ನು ಲೇಸರಿನ ಹೊಸ ಪಲ್ಸಿನೊಂದಿಗೆ ಹೋಲಿಸಬೇಕು. ಇದಕ್ಕೆ ಫೋಟೊಡಯೋಡ್ ಹಾಕಿ ಫೇಸ್ ಓದಿದರೆ ಮೋಸಹೋಗುತ್ತೀರಿ. ಬೆಳಕಿನ ತೀವ್ರತೆ ಚೂರು ಬದಲಾದರೂ ಡಯೋಡ್ ಅದನ್ನು ಸಮಯ ಬದಲಾದಂತೆ ತೋರಿಸುತ್ತದೆ. ಕನೆಕ್ಟರ್ ಸಡಿಲವಾದದ್ದು ಕಾಲದ ಏರಿಳಿತವಾಗಿ ಕಾಣುತ್ತದೆ.

ಅದಕ್ಕೆ ಬಂದ ಪರಿಹಾರ ‘ಬ್ಯಾಲೆನ್ಸ್ಡ್ ಕ್ರಾಸ್-ಕೋರಿಲೇಟರ್’. ಸ್ಪ್ರಿಂಗ್ ತಕ್ಕಡಿಯ ಸ್ಪ್ರಿಂಗ್ ಸಡಿಲವಾದರೆ ತೂಕ ತಪ್ಪುತ್ತದೆ. ಎರಡು ತಟ್ಟೆಯ ತಕ್ಕಡಿಯಲ್ಲಿ ಮುಳ್ಳು ನೆಟ್ಟಗಿದೆಯೇ ಎಂಬುದನ್ನಷ್ಟೇ ನೋಡುತ್ತೇವೆ. ಇದು ಎರಡನೇ ಬಗೆಯದು. ಹೊಸ ಪಲ್ಸ್ ಮತ್ತು ವಾಪಸ್ ಬಂದ ಪಲ್ಸ್ ಒಂದಕ್ಕೊಂದು ಲಂಬವಾದ ಧ್ರುವೀಕರಣದಲ್ಲಿ (ಬೆಳಕಿನ ಅಲೆ ಕಂಪಿಸುವ ದಿಕ್ಕಿನಲ್ಲಿ) ಪಿಪಿಕೆಟಿಪಿ ಎಂಬ ಹರಳಿನೊಳಗೆ ಹೋಗುತ್ತವೆ. ಎರಡೂ ಒಂದರ ಮೇಲೊಂದು ಬಿದ್ದಷ್ಟೂ 775 ನ್ಯಾನೊಮೀಟರಿನ ಹೊಸ ಬೆಳಕು ಹುಟ್ಟುತ್ತದೆ. ಹರಳಿನಲ್ಲಿ ಎರಡು ಧ್ರುವೀಕರಣಗಳ ವೇಗ ಬೇರೆ. ಹರಳಿನ ಕೊನೆಯ ಕನ್ನಡಿ 775ರ ಬೆಳಕನ್ನು ಆಚೆ ಬಿಟ್ಟು, ಮೂಲ ಪಲ್ಸ್‌ಗಳನ್ನು ಹಿಂದಕ್ಕೆ ಕಳಿಸುತ್ತದೆ. ಹಿಂತಿರುಗುವಾಗ ಮತ್ತೊಮ್ಮೆ 775ರ ಬೆಳಕು ಹುಟ್ಟುತ್ತದೆ. ಒಂದು ಪಲ್ಸ್ ತುಸು ಮುಂದಾದರೆ ಹೋಗುವಾಗಿನ ಬೆಳಕು ಹೆಚ್ಚಿ ಬರುವಾಗಿನದು ತಗ್ಗುತ್ತದೆ, ಹಿಂದಾದರೆ ಇದಕ್ಕೆ ವಿರುದ್ಧ. ಎರಡನ್ನೂ ಒಂದರಿಂದೊಂದು ಕಳೆದರೆ ತಕ್ಕಡಿಯ ಮುಳ್ಳು ಸಿಕ್ಕಿತು. ಲೇಸರಿನ ಶಕ್ತಿ ಶೇ 5ರಷ್ಟು ಬಿದ್ದರೆ ಎರಡು ತಟ್ಟೆಯಲ್ಲೂ ಬೀಳುತ್ತದೆ. ಸೊನ್ನೆ ಸೊನ್ನೆಯಾಗಿಯೇ ಉಳಿಯುತ್ತದೆ. ಒಂದು ಫೆಮ್ಟೊಸೆಕೆಂಡಿಗಿಂತ ಕಡಿಮೆ ವ್ಯತ್ಯಾಸವನ್ನೂ ಹೀಗೆ ಹಿಡಿಯಬಹುದು. ಅಷ್ಟು ಸಮಯದಲ್ಲಿ ಬೆಳಕು ಗಾಳಿಯಲ್ಲಿ ದಾಟುವುದು 0.3 ಮೈಕ್ರೋಮೀಟರ್.

ಮುಳ್ಳು ವಾಲಿದ್ದನ್ನು ಸರಿಪಡಿಸಲು ಎರಡು ಕೈಗಳಿವೆ. ಫೈಬರನ್ನು ಸುತ್ತಿಕೊಂಡ, ವೋಲ್ಟೇಜ್ ಕೊಟ್ಟರೆ ಹಿಗ್ಗುವ ಪೀಜೋ ಸುರುಳಿ ವೇಗದ್ದು, ಆದರೆ ಅದರ ಹರವು ಕೆಲವೇ ಪಿಕೊಸೆಕೆಂಡು. ಮೋಟಾರಿನ ಮೇಲಿನ ಕನ್ನಡಿ ನಿಧಾನದ್ದು, ಹರವು ದೊಡ್ಡದು. ಮೇಲೆ ಹೇಳಿದ 136 ಪಿಕೊಸೆಕೆಂಡಿಗೆ ಗಾಳಿಯಲ್ಲಿ 4 ಸೆ.ಮೀ. ಹಾದಿ ಬೇಕು, ಬೆಳಕು ಕನ್ನಡಿಗೆ ಹೋಗಿ ಬರುವುದರಿಂದ ಮೋಟಾರು 2 ಸೆ.ಮೀ. ಸರಿದರೆ ಸಾಕು. ಪೀಜೋ ತನ್ನ ಹರವಿನ ಅಂಚಿಗೆ ಬರುವ ಮುನ್ನ ಮೋಟಾರು ಅದರ ಭಾರವನ್ನು ತಾನು ಹೊರಬೇಕು. ಈ ಕೈಬದಲಾವಣೆ ಸರಿಯಿಲ್ಲದ ವ್ಯವಸ್ಥೆ ರಾತ್ರಿಯಿಡೀ ಚೆನ್ನಾಗಿ ಓಡಿ ಬೆಳಗಿನ ಬಿಸಿಲಿಗೆ ಲಾಕ್ ಕಳೆದುಕೊಳ್ಳುತ್ತದೆ. ಇನ್ನೊಂದು ಮಿತಿ ಬೆಳಕಿನದೇ: 3.4 ಕಿ.ಮೀ. ಹೋಗಿಬರಲು 33 ಮೈಕ್ರೊಸೆಕೆಂಡು ಬೇಕು, ಅದಕ್ಕಿಂತ ಚುರುಕಾದ ಅಲುಗಾಟವನ್ನು ಯಾರೂ ತಿದ್ದಲಾರರು. ನಮ್ಮ ಪುಣ್ಯಕ್ಕೆ ಫೈಬರಿನ ಗದ್ದಲ ಬಹುಪಾಲು ಅದಕ್ಕಿಂತ ನಿಧಾನ.

ಇಷ್ಟೆಲ್ಲ ಕೆಲಸ ಮಾಡಬೇಕಾದರೆ ಪಲ್ಸ್ ಚೂಪಾಗಿಯೇ ಆಚೆ ತಲುಪಿ ಚೂಪಾಗಿಯೇ ವಾಪಸ್ ಬರಬೇಕು. 200 ಫೆಮ್ಟೊಸೆಕೆಂಡಿನ ಪಲ್ಸಿನಲ್ಲಿ ಸುಮಾರು 12 ನ್ಯಾನೊಮೀಟರಿನಷ್ಟು ಬಣ್ಣಗಳಿರುತ್ತವೆ. ಸಾಮಾನ್ಯ ಜಿ.652 ಫೈಬರ್ ಒಂದು ಕಿ.ಮೀ.ಗೆ, ಒಂದು ನ್ಯಾನೊಮೀಟರಿಗೆ 17 ಪಿಕೊಸೆಕೆಂಡು ಹರಡುತ್ತದೆ. ಒಂದೇ ಕಿ.ಮೀ.ಯಲ್ಲಿ ಪಲ್ಸ್ 200 ಪಿಕೊಸೆಕೆಂಡು ಅಗಲವಾಯಿತು, ಸಾವಿರ ಪಟ್ಟು. ಪಲ್ಸಿನ ಶಿಖರದ ಶಕ್ತಿ ಅಷ್ಟೇ ಪಟ್ಟು ಇಳಿದು ಹರಳಿನಲ್ಲಿ ಏನೂ ಹುಟ್ಟುವುದಿಲ್ಲ. ವಿರುದ್ಧ ಗುಣದ ಫೈಬರನ್ನು ಪ್ರತಿ ಕಿ.ಮೀ.ಗೆ 200 ಮೀಟರಿನ ಒಳಗೆ ಬೆಸೆದು ಇದನ್ನು ಮಡಚಬೇಕು. ಕೊನೆಗೆ ಕೆಲವು ಮೀಟರ್ ಕತ್ತರಿಸುತ್ತ, ಬೆಸೆಯುತ್ತ, ಅಳೆಯುತ್ತ ಕೂರುವ ಕೆಲಸ ಇದ್ದೇ ಇದೆ; ಇದಕ್ಕೆ ಅಡ್ಡದಾರಿ ಇಲ್ಲ. ಪಲ್ಸ್ ದುರ್ಬಲವಾಯಿತೆಂದು ಬೆಳಕನ್ನು ಬಲಪಡಿಸುವ ಎರ್ಬಿಯಂ ಆಂಪ್ಲಿಫೈಯರಿನ ಪಂಪ್ ಕರೆಂಟನ್ನು ಏರಿಸುತ್ತ ಹೋದರೆ ಮತ್ತೊಂದು ಗುಂಡಿ: ಫೈಬರ್ ಅರೇಖೀಯವಾಗಿ ವರ್ತಿಸಿ ಪಲ್ಸಿನ ಆಕಾರ ಕೆಡುತ್ತದೆ, ಆಕಾರ ಕೆಟ್ಟರೆ ತಕ್ಕಡಿಯ ಸೊನ್ನೆಯೇ ಸರಿಯುತ್ತದೆ.

ಧ್ರುವೀಕರಣ ಇನ್ನೊಂದು ಕಳ್ಳ. ಹೋಗುವ ದಾರಿಯೂ ಬರುವ ದಾರಿಯೂ ಸಮ ಎಂಬ ನಂಬಿಕೆಯ ಮೇಲೆ ಇಡೀ ಕಟ್ಟಡ ನಿಂತಿದೆ. ಜಿ.652.ಡಿ ಫೈಬರಿನಲ್ಲಿ ಧ್ರುವೀಕರಣದಿಂದಾಗುವ ಹರಡುವಿಕೆ ಒಂದು ಕಿ.ಮೀ.ಗೆ 0.2 ಪಿಕೊಸೆಕೆಂಡಿನವರೆಗೆ ಇರಬಹುದೆಂದು ಮಾನಕ ಒಪ್ಪುತ್ತದೆ. ಇದು ದೂರದ ವರ್ಗಮೂಲದಂತೆ ಏರುವುದರಿಂದ 4 ಕಿ.ಮೀ.ಗೆ 400 ಫೆಮ್ಟೊಸೆಕೆಂಡು. ಯಾರೋ ಕೇಬಲ್ ತುಳಿದರೆ ಈ ಭಾಗ ಬದಲಾಗುತ್ತದೆ, ಮುಳ್ಳಿಗೆ ಮಾತ್ರ ಅದು ಪೂರ್ತಿ ಕಾಣುವುದಿಲ್ಲ. ಧ್ರುವೀಕರಣವನ್ನು 90 ಡಿಗ್ರಿ ತಿರುಗಿಸಿ ವಾಪಸ್ ಕಳಿಸುವ ಫ್ಯಾರಡೆ ಕನ್ನಡಿ ಹಾಕುವುದು, ಒಳ್ಳೆಯ ಫೈಬರ್ ಆರಿಸುವುದು, ದುಡ್ಡಿದ್ದರೆ ಇಡೀ ಲಿಂಕನ್ನೇ ಧ್ರುವೀಕರಣ ಕಾಯುವ ಫೈಬರಿನಲ್ಲಿ ಎಳೆಯುವುದು ಇದಕ್ಕಿರುವ ದಾರಿಗಳು. ಕೊನೆಯದೇ ನಿಜವಾದ ಪರಿಹಾರ.

ಲಿಂಕಿನ ಕೊನೆಯಲ್ಲಿ ಈ ಪಲ್ಸ್‌ಗಳಿಗೆ ಏನು ಕೆಲಸ? ಒಂದು ಕಡೆ, ಕ್ಯಾವಿಟಿಗೆ ಹೋಗುವ ರೇಡಿಯೊ ಅಲೆಯ ಸೊನ್ನೆ ದಾಟುವ ಜಾಗವನ್ನು ಲೇಸರ್ ಪಲ್ಸಿನಿಂದ ಮುಟ್ಟಿನೋಡಿ ಅದರ ಫೇಸ್ ತಿದ್ದುತ್ತಾರೆ. ಇನ್ನೊಂದು ಕಡೆ ಗೊಂಚಲು ಬಂದ ಹೊತ್ತನ್ನು ಅಳೆಯುತ್ತಾರೆ: ಬೀಮಿನ ಕೊಳವೆಯ ಆಂಟೆನಾದಲ್ಲಿ ಗೊಂಚಲು ಎಬ್ಬಿಸುವ ಕಡಿದಾದ ವೋಲ್ಟೇಜು, ವೋಲ್ಟೇಜಿಗೆ ತಕ್ಕಂತೆ ಬೆಳಕನ್ನು ಹೆಚ್ಚು ಕಡಿಮೆ ಬಿಡುವ ಲಿಥಿಯಂ ನಯೊಬೇಟ್ ಮಾಡ್ಯುಲೇಟರಿಗೆ ಹೋಗುತ್ತದೆ, ಲೇಸರ್ ಪಲ್ಸ್ ಅದರ ಸೊನ್ನೆಯಲ್ಲಿ ಹಾದುಹೋಗುವಂತೆ ಹೊಂದಿಸಿರುತ್ತಾರೆ. ಗೊಂಚಲು ಮುಂಚೆ ಬಂದರೆ ಪಲ್ಸ್ ಮಂಕು, ತಡವಾದರೆ ಪ್ರಖರ. ಸೆಕೆಂಡಿಗೆ ಹತ್ತು ಬಾರಿ, ಪ್ರತಿ ಬಾರಿ 600 ಮೈಕ್ರೊಸೆಕೆಂಡಿನ ಸಾಲಿನಲ್ಲಿ 2700 ಗೊಂಚಲುಗಳವರೆಗೆ ಬರುತ್ತವೆ, ನಡುವೆ 222 ನ್ಯಾನೊಸೆಕೆಂಡು. ಮೊದಲು ಬಂದವನ್ನು ಅಳೆದು ಅದೇ ಸಾಲಿನಲ್ಲಿ ಹಿಂದೆ ಬರುತ್ತಿರುವವನ್ನು ತಿದ್ದುತ್ತಾರೆ; ಸಾಲಿನ ತಲೆಯ ಕೆಲವು ಗೊಂಚಲುಗಳಿಗೆ ಆ ಭಾಗ್ಯವಿಲ್ಲ.

ಕೆಡುವ ಬಗೆಗಳಲ್ಲಿ ನಿಮ್ಮಂಥವರಿಗೆ ಉಪಯೋಗವಾಗುವಂಥದ್ದು ಎರಡು ಹೇಳುತ್ತೇನೆ. ಕರೆಂಟ್ ಹೋಗಿ ಬಂದ ಮೇಲೆ ಲೇಸರು ಲಾಕ್ ಆಗುತ್ತದೆ, ಎಲ್ಲ ಮೀಟರುಗಳೂ ಹಸಿರು ತೋರಿಸುತ್ತವೆ, ಬೀಮ್ ಮಾತ್ರ ಬಾರದು. 1.3 ಗಿಗಾಹರ್ಟ್ಸ್‌ನ ಆರು ಆವರ್ತಕ್ಕೊಂದು ಪಲ್ಸ್ ಎಂದೆನಲ್ಲ, ಲಾಕ್ ಕೂರಲು ಆರು ಜಾಗಗಳಿವೆ, ಆರೂ ಅದಕ್ಕೆ ಒಂದೇ ರೀತಿ ಕಾಣುತ್ತವೆ. ತಪ್ಪಾದ ಜಾಗದಲ್ಲಿ ಕೂತರೆ ಸಮಯ 769 ಪಿಕೊಸೆಕೆಂಡಿನ ಗುಣಕದಷ್ಟು ಸರಿದಿರುತ್ತದೆ. ಅದಕ್ಕೆ ಒರಟಾದ ಇನ್ನೊಂದು ಹೋಲಿಕೆ ಬೇಕೇಬೇಕು. ಎರಡನೆಯದು, ತಿದ್ದುವ ಸುತ್ತಿನ ಹೊರಗೆ ಉಳಿದ ಫೈಬರು. ಕನ್ನಡಿಯಾಚೆ ಉಪಕರಣದವರೆಗಿನ ಎರಡು ಮೀಟರನ್ನು ಯಾರೂ ಅಳೆಯುತ್ತಿರುವುದಿಲ್ಲ. ಹದಿನೈದಿಪ್ಪತ್ತು ನಿಮಿಷಕ್ಕೊಮ್ಮೆ ಗರಗಸದ ಹಲ್ಲಿನಂತೆ ಏರಿಳಿಯುವ ಗ್ರಾಫ್ ಕಂಡರೆ ಎಸಿಯ ಥರ್ಮೋಸ್ಟಾಟನ್ನು ಮೊದಲು ನೋಡಿ. ಭೂಮಿಯೂ ಸುಮ್ಮನಿರುವುದಿಲ್ಲ: ಜಿನೀವಾದ 27 ಕಿ.ಮೀ. ಸುತ್ತಳತೆಯ ಎಲ್‌ಇಪಿ ಎಂಬ ಹಳೆಯ ವೇಗವರ್ಧಕದ ಉಂಗುರ ಚಂದ್ರನ ಸೆಳೆತಕ್ಕೆ ಸುಮಾರು 1 ಮಿ.ಮೀ. ಹಿಗ್ಗಿ ಕುಗ್ಗುತ್ತಿತ್ತು. ಅದೇ ಪ್ರಮಾಣದಲ್ಲಿ 3.4 ಕಿ.ಮೀ.ಗೆ ಲೆಕ್ಕ ಹಾಕಿದರೆ 400 ಫೆಮ್ಟೊಸೆಕೆಂಡಿಗೂ ಹೆಚ್ಚು.

ಇನ್ನು ನಿಮ್ಮ ಪ್ರಾಜೆಕ್ಟು. ಫೆಮ್ಟೊಸೆಕೆಂಡ್ ಲೇಸರ್ ಬೇಡ, ತತ್ವ ಪಿಕೊಸೆಕೆಂಡಿನಲ್ಲೂ ಅದೇ. 2 ಕಿ.ಮೀ. ಜಿ.652 ಫೈಬರಿನ ಸುರುಳಿ, ಒಂದೇ ಫೈಬರಿನಲ್ಲಿ ಎರಡೂ ಕಡೆ ಮಾತಾಡುವ 1.25 ಗಿಗಾಬಿಟ್‌ನ ಎಸ್‌ಎಫ್‌ಪಿ (ವಿದ್ಯುತ್ ಸಂಕೇತವನ್ನು ಬೆಳಕಾಗಿಸಿ ಕಳಿಸುವ, ಬಂದ ಬೆಳಕನ್ನು ಸಂಕೇತವಾಗಿಸುವ ಮಾಡ್ಯೂಲ್) ಜೋಡಿ, ಅವುಗಳ ಪಿನ್ ಹೊರತೆಗೆಯುವ ಬೋರ್ಡು, 125 ಮೆಗಾಹರ್ಟ್ಸ್‌ನ ಟಿಸಿಎಕ್ಸ್‌ಒ (ಉಷ್ಣತೆಗೆ ಸರಿಯದಂತೆ ಹೊಂದಿಸಿದ ಆಸಿಲೇಟರ್), ಎರಡು ಎಡಿ8302 ಫೇಸ್ ಡಿಟೆಕ್ಟರ್, ವೋಲ್ಟೇಜನ್ನು ಅಂಕಿಯಾಗಿ ಓದುವ ಎಡಿಎಸ್1115, ಒಂದಷ್ಟು ಡಿಎಸ್18ಬಿ20 ತಾಪಮಾಪಕ, ಬಕೆಟ್ಟು, ಥರ್ಮೊಕೋಲ್ ಡಬ್ಬಿ. ಕನೆಕ್ಟರ್ ಬೆಸೆಯಲು ಊರಿನ ಕೇಬಲ್ ಇಂಟರ್ನೆಟ್‌ನವರ ಬಳಿ ಸ್ಪ್ಲೈಸಿಂಗ್ ಯಂತ್ರ ಇದ್ದೇ ಇರುತ್ತದೆ. ಬೆಳಕು ಕಣ್ಣಿಗೆ ಕಾಣುವುದಿಲ್ಲ ಎಂದು ಫೈಬರಿನ ತುದಿಯನ್ನು ಇಣುಕಿ ನೋಡಬೇಡಿ.

ಮೊದಲ ಎಸ್‌ಎಫ್‌ಪಿಗೆ 125 ಮೆಗಾಹರ್ಟ್ಸ್ ಕೊಡಿ. ಆಚೆ ತುದಿಯ ಎಸ್‌ಎಫ್‌ಪಿ ಪಡೆದದ್ದನ್ನು ಅದರದೇ ಕಳಿಸುವ ಪಿನ್ನಿಗೆ ಜೋಡಿಸಿ, ಜೊತೆಗೆ ಒಂದು ಪಾಲನ್ನು ಅಳತೆಗೆ ತೆಗೆಯಿರಿ. ಲೇಸರನ್ನು ಆಫ್ ಮಾಡುವ ಪಿನ್ನನ್ನು ಗ್ರೌಂಡ್ ಮಾಡಲು ಮರೆತರೆ ಲೇಸರ್ ಹೊತ್ತುವುದೇ ಇಲ್ಲ. ಅರ್ಧ ದಿನ ನುಂಗುವ ತಪ್ಪು ಇದು. ಎಡಿ8302ಕ್ಕೆ ನೇರವಾಗಿ ಚೌಕ ಅಲೆ ಕೊಡಬೇಡಿ: ಲೋ-ಪಾಸ್ ಫಿಲ್ಟರ್ ಹಾಕಿ, ಅಟೆನ್ಯುಯೇಟರಿನಿಂದ ಅದರ ಎರಡೂ ಇನ್‌ಪುಟ್‌ಗಳನ್ನು ಮೈನಸ್ 30 ಡಿಬಿಎಂ ಆಸುಪಾಸಿಗೆ ತನ್ನಿ. ಡಿಗ್ರಿಗೆ 10 ಮಿಲಿವೋಲ್ಟ್ ಬರುತ್ತದೆ. ಸೊನ್ನೆ ಮತ್ತು 180ರ ಹತ್ತಿರ ಅದರ ಮಾತು ನಂಬಬೇಡಿ; ಕೇಬಲ್ ಉದ್ದ ಬದಲಿಸಿ 90 ಡಿಗ್ರಿ, ಅಂದರೆ 900 ಮಿಲಿವೋಲ್ಟಿನಲ್ಲಿ ನಿಲ್ಲಿಸಿಕೊಳ್ಳಿ.

ನಿರೀಕ್ಷೆ ಹೀಗಿರಲಿ: ಹೋಗಿಬರುವ 4 ಕಿ.ಮೀ.ಗೆ ಒಂದು ಸೆಲ್ಸಿಯಸ್‌ಗೆ 160 ಪಿಕೊಸೆಕೆಂಡು, 8 ನ್ಯಾನೊಸೆಕೆಂಡಿನ ಆವರ್ತದಲ್ಲಿ 7.2 ಡಿಗ್ರಿ ಫೇಸ್, 72 ಮಿಲಿವೋಲ್ಟ್. ಫೇಸ್ 30ರಿಂದ 150 ಡಿಗ್ರಿಯೊಳಗೆ ಇರಬೇಕೆಂದರೆ ನೀರಿನ ಉಷ್ಣತೆಯನ್ನು ಒಟ್ಟು 16 ಡಿಗ್ರಿಗಿಂತ, ಅಂದರೆ 90 ಡಿಗ್ರಿ ಫೇಸ್‌ನಿಂದ ಆಚೆಗೆ ಎಂಟು, ಈಚೆಗೆ ಎಂಟಕ್ಕಿಂತ ಹೆಚ್ಚು ಬದಲಿಸಬೇಡಿ. ಟಿಸಿಎಕ್ಸ್‌ಒ ಯಾಕೆಂದು ಕೇಳಬಹುದು. ಹೋಗಿಬರುವ 19.6 ಮೈಕ್ರೊಸೆಕೆಂಡಿನಲ್ಲಿ 2450 ಆವರ್ತಗಳು ಫೈಬರಿನೊಳಗೇ ಇರುತ್ತವೆ. ಆಸಿಲೇಟರ್ ಹತ್ತು ಲಕ್ಷಕ್ಕೆ ಒಂದು ಪಾಲು ಸರಿದರೂ 0.9 ಡಿಗ್ರಿ ಫೇಸ್ ಬದಲಾಗುತ್ತದೆ, ನೀರು 0.12 ಡಿಗ್ರಿ ಬಿಸಿಯಾದಂತೆ ಕಾಣುತ್ತದೆ. ಅಗ್ಗದ ಆಸಿಲೇಟರ್ ಹಾಕಿದವರು ಫೈಬರನ್ನಲ್ಲ, ಆಸಿಲೇಟರನ್ನು ಅಳೆದಿರುತ್ತಾರೆ.

ಫೈಬರ್ ಸುರುಳಿ ಜೋಡಿಸುವ ಮೊದಲು ಒಂದು ಮೀಟರ್ ಪ್ಯಾಚ್ ಕಾರ್ಡಿನಲ್ಲಿ ಇಡೀ ರಾತ್ರಿ ಓಡಿಸಿ. ಆಗ ಕಾಣುವ ಏರಿಳಿತ ನಿಮ್ಮ ಎಲೆಕ್ಟ್ರಾನಿಕ್ಸಿನದು. ಎಡಿಎಸ್1115ರ ಒಂದು ಹೆಜ್ಜೆ 62.5 ಮೈಕ್ರೊವೋಲ್ಟ್, ಲೆಕ್ಕಕ್ಕೆ 0.14 ಪಿಕೊಸೆಕೆಂಡು, ಆದರೆ ಎಡಿ8302 ಚಿಪ್ ಬಿಸಿಯಾಗುವುದರ ಮುಂದೆ ಆ ಹೆಜ್ಜೆಗೆ ಲೆಕ್ಕವಿಲ್ಲ. ಬೋರ್ಡನ್ನು ಥರ್ಮೊಕೋಲ್ ಡಬ್ಬಿಯಲ್ಲಿಟ್ಟು, ಸೀಲಿಂಗ್ ಫ್ಯಾನ್ ಆರಿಸಿ.

ಸುರುಳಿ ಇದ್ದಾಗಿನ ಒಂದು ಅನುಕೂಲ ಸುರಂಗದವರಿಗೂ ಇಲ್ಲ: ನಿಮ್ಮ ಫೈಬರಿನ ಎರಡೂ ತುದಿ ಒಂದೇ ಮೇಜಿನ ಮೇಲಿರುತ್ತವೆ. ಹಾಗಾಗಿ ಹೋಗಿಬರುವ ಸಮಯದ ಅರ್ಧವನ್ನು ಒಂದು ಡಿಟೆಕ್ಟರಿನಿಂದಲೂ, ಹೋಗುವ ಸಮಯವನ್ನೇ ನೇರವಾಗಿ ಇನ್ನೊಂದರಿಂದಲೂ ಓದಬಹುದು. ಎರಡರ ವ್ಯತ್ಯಾಸದ ಗ್ರಾಫೇ ನಿಮ್ಮ ಪ್ರಾಜೆಕ್ಟಿನ ಫಲಿತಾಂಶ. ಪ್ಲಾಸ್ಟಿಕ್ ರೀಲಿಗೆ ಬಿಗಿಯಾಗಿ ಸುತ್ತಿದ ಫೈಬರಾದರೆ ರೀಲು ಹಿಗ್ಗಿ ಗಾಜನ್ನು ಎಳೆಯುವುದರಿಂದ ಕಿ.ಮೀ.ಗೆ 40 ಪಿಕೊಸೆಕೆಂಡಿಗಿಂತ ಹೆಚ್ಚು ಬರುತ್ತದೆ, ಫೈಬರನ್ನು ಬಿಚ್ಚಿ ಸಡಿಲವಾಗಿ ಸುತ್ತಿ ಮತ್ತೊಮ್ಮೆ ಅಳೆಯಿರಿ. ಬಿಸಿನೀರು ಸುರಿದ ತಕ್ಷಣದ ಅಂಕಿಗಳನ್ನು ಬಿಟ್ಟು, ಒಳಸುತ್ತಿಗೂ ಹೊರಸುತ್ತಿಗೂ ಇಟ್ಟ ತಾಪಮಾಪಕಗಳು ಒಂದೇ ಹೇಳುವವರೆಗೆ ಕಾಯಿರಿ.